ವಕೀಲಿ ವೃತ್ತಿಯ ಬಾಗಿಲು ತೆರೆದ ಬಗೆ



ವೃತ್ತಿ ಮಾರ್ಗದರ್ಶನದ ಮಾತುಕತೆ ಪ್ರಸಾರವಾದಾಗಲೆಲ್ಲ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: "ಲಾ ಓದಬಹುದೇ? ಓದಿದರೆ ಮುಂದೇನು?" ಪಿಯುಸಿ ಮುಗಿಸಿದವರೂ ಕೇಳುತ್ತಾರೆ, ಬಿ.ಎ., ಬಿ.ಎಸ್‌ಸಿ. ಮುಗಿಸಿದವರೂ ಕೇಳುತ್ತಾರೆ. ಕೆಲವರ ಪತ್ರದಲ್ಲಿ ಇನ್ನೊಂದು ಸಾಲು ಕೂಡಿರುತ್ತದೆ: "ನಮ್ಮ ಮನೆಯಲ್ಲಿ ಯಾರೂ ವಕೀಲರಿಲ್ಲ." ಈ ಸಾಲನ್ನು ಅವರು ಸಂಕೋಚದಿಂದ, ಪತ್ರದ ಕೊನೆಯಲ್ಲಿ ಬರೆದಿರುತ್ತಾರೆ. ಆದರೆ ನಿಜವಾದ ಪ್ರಶ್ನೆ ಇರುವುದು ಅಲ್ಲಿಯೇ.

ಈ ಪ್ರಶ್ನೆಗೆ ಉತ್ತರ ಹುಡುಕಲು ಇತಿಹಾಸ ನೆರವಾಗುತ್ತದೆ. ನಮ್ಮ ದೇಶದಲ್ಲಿ ವಕೀಲಿ ವೃತ್ತಿಗೆ ಯಾರು ಬರಬಹುದು, ಯಾರು ಬರಬಾರದು ಎಂಬ ವಿಷಯದಲ್ಲಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಜಗ್ಗಾಟ ನಡೆದಿದೆ. ಒಂದೊಂದಾಗಿ ಬಾಗಿಲುಗಳು ತೆರೆದಿವೆ. ಆದರೆ ಬಾಗಿಲು ದಾಟಿದ ಮೇಲೆ ನ್ಯಾಯಾಧೀಶರ ಮುಂದೆ ನಿಂತು ಮಾತನಾಡುವವರೆಗೆ ಇನ್ನೂ ಒಂದಷ್ಟು ದೂರವಿದೆ. ಆ ದೂರವನ್ನು ಪದವಿ ತಾನಾಗಿ ದಾಟಿಸಿದ್ದು ಅಂದೂ ಇಲ್ಲ, ಇಂದೂ ಇಲ್ಲ. ಲಾ ಪದವಿಯನ್ನು ಆರಿಸಿಕೊಳ್ಳುವವರು ಈ ಎರಡನ್ನೂ ತಿಳಿದಿರಬೇಕು. ಬನ್ನಿ, ಮೊದಲಿನಿಂದ ನೋಡೋಣ.

ವಕೀಲ ಎಂಬ ಮಾತು

ನಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಚರಿತ್ರೆ ಕಿವಿಗೆ ಬೀಳುತ್ತದೆ. ವಕೀಲ, ದಾವೆ, ಫಿರ್ಯಾದಿ, ಜಾಮೀನು, ಅಮೀನ - ಇವು ಅರಬ್ಬಿ, ಫಾರಸಿಯಿಂದ ಬಂದ ಮಾತುಗಳು. ನ್ಯಾಯ, ಸಾಕ್ಷಿ, ಪ್ರಮಾಣ ಇವು ಸಂಸ್ಕೃತದವು. ಅಪೀಲು, ನೋಟೀಸು, ಸಮನ್ಸು ಇಂಗ್ಲಿಷಿನವು. ಕಕ್ಷಿದಾರ ಎಂಬ ಪದದಲ್ಲಂತೂ ಸಂಸ್ಕೃತದ ತಲೆಗೆ ಫಾರಸಿಯ ಬಾಲವಿದೆ. ಒಂದೊಂದು ಆಳ್ವಿಕೆ ಬಂದು ಹೋದಾಗಲೂ ಒಂದಷ್ಟು ಮಾತುಗಳು ಕೋರ್ಟಿನಲ್ಲಿ ಉಳಿದುಕೊಂಡವು.

ವಕೀಲ ಎಂದರೆ ಮೂಲದಲ್ಲಿ ಇನ್ನೊಬ್ಬರ ಪರವಾಗಿ ಮಾತನಾಡುವವನು, ಪ್ರತಿನಿಧಿ. ರಾಜರ ನಡುವೆ ಸಂಧಾನಕ್ಕೆ ಹೋಗುತ್ತಿದ್ದವನೂ ವಕೀಲನೇ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಮಾತುಕತೆಗೆ ಟಿಪ್ಪು ಸುಲ್ತಾನನು ಕಳುಹಿಸಿದ ಪ್ರತಿನಿಧಿಗಳನ್ನು ವಕೀಲರೆಂದೇ ಕರೆದರು. ಕಾನೂನು ಕಲಿತವನು ಎಂಬ ಅರ್ಥ ಈ ಪದಕ್ಕೆ ಅಂಟಿಕೊಂಡದ್ದು ನಂತರ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೋರ್ಟುಗಳು ಎರಡು ಬಗೆಯಾಗಿದ್ದವು. 1774ರಲ್ಲಿ ಕಲ್ಕತ್ತಾದಲ್ಲಿ ಆರಂಭವಾದ ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಹಕ್ಕು ಬ್ರಿಟನ್, ಐರ್ಲೆಂಡ್ ಕಡೆಯಿಂದ ಬಂದವರಿಗೆ ಮಾತ್ರ ಇತ್ತು. ನಮ್ಮವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಂಪನಿಯ ದಿವಾನಿ ಅದಾಲತ್ತುಗಳಲ್ಲಿ ಇದಕ್ಕೆ ತಿರುಗುಮುರುಗಾದ ವ್ಯವಸ್ಥೆ. 1793ರ ಬಂಗಾಳದ ನಿಯಮದ ಪ್ರಕಾರ ಹಿಂದೂಗಳು ಮತ್ತು ಮುಸ್ಲಿಮರಷ್ಟೇ ವಕೀಲರಾಗಬಹುದಿತ್ತು. ಕಲ್ಕತ್ತಾದ ಮದರಸಾ ಮತ್ತು ಬನಾರಸಿನ ಸಂಸ್ಕೃತ ಕಾಲೇಜಿನಲ್ಲಿ ಓದಿದವರಿಗೆ ಆದ್ಯತೆ. ವಕೀಲರು ಎಷ್ಟು ಶುಲ್ಕ ಪಡೆಯಬೇಕೆಂಬುದನ್ನೂ ಸರ್ಕಾರವೇ ಗೊತ್ತುಮಾಡಿತ್ತು.

1846ರ ಕಾಯಿದೆ ಮೊದಲ ದೊಡ್ಡ ಬದಲಾವಣೆ ತಂದಿತು. ಯಾವ ದೇಶದವರಾಗಲಿ, ಯಾವ ಧರ್ಮದವರಾಗಲಿ, ಅರ್ಹತೆಯ ಪ್ರಮಾಣಪತ್ರವಿದ್ದರೆ ಕಂಪನಿಯ ಕೋರ್ಟುಗಳಲ್ಲಿ ವಕೀಲರಾಗಬಹುದು ಎಂದಾಯಿತು. 1862ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ಹೈಕೋರ್ಟುಗಳು ಬಂದವು. ಆದರೂ ವೃತ್ತಿಯೊಳಗೆ ಮೇಲು ಕೀಳು ಉಳಿದೇ ಇತ್ತು. ಅಡ್ವೊಕೇಟ್, ಅಟಾರ್ನಿ, ಹೈಕೋರ್ಟ್ ವಕೀಲ, ಪ್ಲೀಡರ್, ಮುಖ್ತಾರ, ರೆವಿನ್ಯೂ ಏಜೆಂಟ್ ಎಂದು ಆರು ದರ್ಜೆಗಳು. ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದವರು ಎಲ್ಲರಿಗಿಂತ ಮೇಲೆ. ತಾಲ್ಲೂಕಿನಲ್ಲಿ ಅರ್ಜಿ ಬರೆದು ವಾದಿಸುತ್ತಿದ್ದವರು ಎಲ್ಲರಿಗಿಂತ ಕೆಳಗೆ. ಯಾರ ಬಳಿ ಹಡಗಿನ ಟಿಕೆಟಿಗೆ ಹಣವಿತ್ತು ಎಂಬುದೇ ದರ್ಜೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತಿತ್ತು.

ಊಟ ಮಾಡಿ ಬ್ಯಾರಿಸ್ಟರ್ ಆದವರು

ಭಾರತದಲ್ಲಿ ಕಾನೂನಿನ ತರಗತಿಗಳು ಕ್ರಮವಾಗಿ ಆರಂಭವಾದದ್ದು 1855ರ ಸುಮಾರಿಗೆ. ಮುಂಬಯಿಯ ಸರ್ಕಾರಿ ಲಾ ಕಾಲೇಜು ತನ್ನ ಹುಟ್ಟನ್ನು ಅದೇ ವರ್ಷದಿಂದ ಎಣಿಸುತ್ತದೆ. 1857ರಲ್ಲಿ ಮೂರು ವಿಶ್ವವಿದ್ಯಾಲಯಗಳು ಸ್ಥಾಪನೆಯಾದ ಮೇಲೆ ಕಾನೂನು ಪದವಿಯ ಪಾಠ ನೆಲೆಯೂರಿತು. ಬೆಳಿಗ್ಗೆ ಕೋರ್ಟು ತೆರೆಯುವ ಮುನ್ನ ಅಥವಾ ಸಂಜೆ ಮುಚ್ಚಿದ ಮೇಲೆ, ವೃತ್ತಿಯಲ್ಲಿದ್ದ ವಕೀಲರೇ ಬಂದು ಉಪನ್ಯಾಸ ಮಾಡಿ ಹೋಗುವ ಪದ್ಧತಿ ಬಹುಕಾಲ ನಡೆಯಿತು. ಹಗಲು ಬೇರೆ ನೌಕರಿ ಮಾಡುವವರು ಜೊತೆಗೊಂದು ಪದವಿ ಇರಲಿ ಎಂದು ಸೇರುತ್ತಿದ್ದರು.

ವಿಲಾಯತಿಯ ಓದು ಇದಕ್ಕಿಂತ ಮೇಲಿತ್ತೇ? ಇದಕ್ಕೆ ನಮಗೆಲ್ಲ ಗೊತ್ತಿರುವ ಒಬ್ಬ ವಿದ್ಯಾರ್ಥಿಯ ಕಥೆಯೇ ಉತ್ತರ. 1888ರಲ್ಲಿ ಮೋಹನದಾಸ ಗಾಂಧಿ ಎಂಬ ಹತ್ತೊಂಬತ್ತರ ಹರೆಯದ ಯುವಕ ಲಂಡನ್ನಿನ ಇನ್ನರ್ ಟೆಂಪಲ್ ಸೇರಿದ. ಅಲ್ಲಿ ಬ್ಯಾರಿಸ್ಟರ್ ಆಗಲು ಎರಡು ಷರತ್ತು. ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು, ಮತ್ತು ಹನ್ನೆರಡು ಅವಧಿಗಳ ಕಾಲ ಆ ಸಂಸ್ಥೆಯ ಭೋಜನಶಾಲೆಯಲ್ಲಿ ಗೊತ್ತಾದಷ್ಟು ಔತಣಗಳಿಗೆ ಹಾಜರಾಗಬೇಕು. ಹಿಂದೆ ಹಿರಿಯ ವಕೀಲರ ಜೊತೆ ಕುಳಿತು ಊಟ ಮಾಡುತ್ತ ವೃತ್ತಿಯ ರೀತಿನೀತಿ ಕಲಿಯಲಿ ಎಂದು ಮಾಡಿದ ಏರ್ಪಾಡು ಅದು. ಗಾಂಧಿಯ ಕಾಲಕ್ಕೆ ಕಲಿಕೆ ಹೋಗಿ ಊಟವಷ್ಟೇ ಉಳಿದಿತ್ತು. 1891ರ ಜೂನ್ 10ರಂದು ಬ್ಯಾರಿಸ್ಟರ್ ಎನಿಸಿಕೊಂಡು, 11ರಂದು ಹೆಸರು ನೋಂದಾಯಿಸಿ, 12ರಂದು ಅವರು ಊರಿಗೆ ಹೊರಟರು.

ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅವರಿಗೆ ಮೊದಲ ಮೊಕದ್ದಮೆ ಸಿಕ್ಕಿತು. ಮಾಮೀಬಾಯಿ ಎಂಬ ಹೆಂಗಸಿನ ಪರ, ಮೂವತ್ತು ರೂಪಾಯಿ ಶುಲ್ಕ. ಎದುರು ಪಕ್ಷದ ಸಾಕ್ಷಿಗಳಿಗೆ ಪಾಟೀ ಸವಾಲು ಹಾಕಬೇಕಾಗಿತ್ತು. ಗಾಂಧಿ ಎದ್ದು ನಿಂತರು. ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಶುಲ್ಕ ಹಿಂದಿರುಗಿಸಿ, ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಿ ಎಂದು ಹೇಳಿ ಹೊರಬಂದರು. ಆಮೇಲೆ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಲು ಹೋದರೆ, ಬಿ.ಎ. ಆಗಿಲ್ಲವೆಂದು ಆ ಕೆಲಸವೂ ಸಿಗಲಿಲ್ಲ. ರಾಜಕೋಟೆಗೆ ಮರಳಿ ಅರ್ಜಿ, ಮನವಿಗಳನ್ನು ಬರೆದುಕೊಟ್ಟು ಸಂಪಾದಿಸತೊಡಗಿದರು. ಇದೆಲ್ಲವನ್ನೂ ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಅವರಿಗೆ ವಕೀಲಿ ನಿಜವಾಗಿ ಕೈಹತ್ತಿದ್ದು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಮೇಲೆ. ಅಲ್ಲಿಯ ವ್ಯಾಪಾರಿಯೊಬ್ಬರ ಮೊಕದ್ದಮೆಯಲ್ಲಿ ಲೆಕ್ಕಪತ್ರಗಳೇ ತಿರುಳು. ಗಾಂಧಿ ಲೆಕ್ಕ ಬರೆಯುವ ಪದ್ಧತಿಯನ್ನು ಪುಸ್ತಕ ಕೊಂಡು ಕಲಿತರು, ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿದರು, ಕಡೆಗೆ ಎರಡೂ ಕಡೆಯವರನ್ನು ಪಂಚಾಯಿತಿ ತೀರ್ಮಾನಕ್ಕೆ ಒಪ್ಪಿಸಿದರು. ವಾಸ್ತವ ಸಂಗತಿಯನ್ನು ಸರಿಯಾಗಿ ಹಿಡಿದರೆ ಕಾನೂನು ತಾನಾಗಿ ನೆರವಿಗೆ ಬರುತ್ತದೆ ಎಂಬುದು ಅವರು ಅಲ್ಲಿ ಕಂಡುಕೊಂಡ ಪಾಠ.

ವಿಜ್ಞಾನ ಓದಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ರಸಾಯನ ಶಾಸ್ತ್ರದ ಸೂತ್ರಗಳೆಲ್ಲ ಬಾಯಿಗೆ ಬಂದರೂ, ಬ್ಯುರೆಟ್ಟಿನ ಕೊನೆಯ ಹನಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಪ್ರಯೋಗಾಲಯದಲ್ಲಿ ಕೈ ಪಳಗಿದ ಮೇಲೆಯೇ ತಿಳಿಯುವುದು. ಕಾನೂನಿಗೆ ಕೋರ್ಟೇ ಪ್ರಯೋಗಾಲಯ.

"ವ್ಯಕ್ತಿ" ಎಂದರೆ ಯಾರು?

ಈಗ ನಮ್ಮ ವಿದ್ಯಾರ್ಥಿನಿಯರು ಗಮನವಿಟ್ಟು ಓದಬೇಕಾದ ಭಾಗಕ್ಕೆ ಬರೋಣ. ಕಾರ್ನೇಲಿಯಾ ಸೊರಾಬ್ಜಿ ಎಂಬ ಹೆಸರನ್ನು ನೀವು ಕೇಳಿರಬಹುದು. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಬಿ.ಸಿ.ಎಲ್. ಎಂಬ ಕಾನೂನು ಪರೀಕ್ಷೆಗೆ ಕುಳಿತ ಮೊದಲ ಮಹಿಳೆ ಆಕೆ. ಪರೀಕ್ಷೆ ಪಾಸಾಯಿತು, ಪದವಿ ಮಾತ್ರ ಸಿಗಲಿಲ್ಲ. ಹೆಂಗಸರಿಗೆ ಪದವಿ ಕೊಡುವ ಪದ್ಧತಿಯೇ ಅಲ್ಲಿರಲಿಲ್ಲ. ಭಾರತಕ್ಕೆ ಮರಳಿ ಮುಂಬಯಿಯ ಎಲ್‌ಎಲ್.ಬಿ. ಪರೀಕ್ಷೆ ಬರೆದರು, ಅಲಹಾಬಾದಿನ ಪ್ಲೀಡರ್ ಪರೀಕ್ಷೆಯನ್ನೂ ಬರೆದರು. ಆದರೂ ವಕೀಲರ ಪಟ್ಟಿಯಲ್ಲಿ ಹೆಸರು ಸೇರಲಿಲ್ಲ. 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ, ಪರದೆಯ ಹಿಂದೆ ಬದುಕುತ್ತಿದ್ದ ಜಮೀನ್ದಾರಿ ಮನೆತನಗಳ ವಿಧವೆಯರು ಮತ್ತು ಮಕ್ಕಳ ಆಸ್ತಿಯ ರಕ್ಷಣೆಗೆ ದುಡಿದರು.

1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ, ಕಲ್ಕತ್ತಾ ಸಮೀಪದ ಅಲಿಪುರದ ಕೋರ್ಟಿನಲ್ಲಿ ಪ್ಲೀಡರ್ ಆಗಲು ಅರ್ಜಿ ಹಾಕಿದರು. ಪ್ರಶ್ನೆ ಹೈಕೋರ್ಟಿನ ಪೂರ್ಣ ಪೀಠದ ಮುಂದೆ ಹೋಯಿತು. 1879ರ ವಕೀಲರ ಕಾಯಿದೆಯಲ್ಲಿ ಅರ್ಹತೆ ಪಡೆದ "ವ್ಯಕ್ತಿ" ಎಂದಿತ್ತು. ಆ "ವ್ಯಕ್ತಿ"ಯಲ್ಲಿ ಹೆಂಗಸು ಸೇರುತ್ತಾಳೆಯೇ? ಸೇರುವುದಿಲ್ಲ ಎಂದು ಪೀಠ ತೀರ್ಪು ಕೊಟ್ಟಿತು. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಗೆ ಪಟ್ನಾ ಹೈಕೋರ್ಟಿನಿಂದಲೂ ಅದೇ ಉತ್ತರ ಬಂತು. ಆದರೆ ಅದೇ ವರ್ಷ ಅಲಹಾಬಾದ್ ಹೈಕೋರ್ಟು ಕಾರ್ನೇಲಿಯಾ ಸೊರಾಬ್ಜಿಯವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. ಆಗ ಆಕೆಗೆ ಐವತ್ತು ದಾಟಿತ್ತು. 1923ರಲ್ಲಿ ಕೇಂದ್ರ ಶಾಸನಸಭೆ ಪುಟ್ಟದೊಂದು ಕಾಯಿದೆ ಮಾಡಿತು: ಹೆಂಗಸು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಈ ವೃತ್ತಿಯಿಂದ ಹೊರಗಿಡುವಂತಿಲ್ಲ.

ಬಾಗಿಲು ತೆರೆದ ಮೇಲೂ ದೂರ ಸವೆಯಲು ಕಾಲ ಬೇಕಾಯಿತು. 1959ರಲ್ಲಿ ಕೇರಳದ ಅನ್ನಾ ಚಾಂಡಿ ದೇಶದ ಮೊದಲ ಮಹಿಳಾ ಹೈಕೋರ್ಟ್ ನ್ಯಾಯಮೂರ್ತಿಯಾದರು. ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಬಳ್ಳಾರಿಯ ಮಂಜುಳಾ ಚೆಲ್ಲೂರ್ ಬಂದದ್ದು 2000ದಲ್ಲಿ. 1923ರಿಂದ ಲೆಕ್ಕ ಹಾಕಿ ನೋಡಿ, ಎಪ್ಪತ್ತೇಳು ವರ್ಷ!

ಕನ್ನಡ ನಾಡಿನಲ್ಲಿ

ಕನ್ನಡಿಗರು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಯಿತು, 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂತು. ಧಾರವಾಡ, ಬೆಳಗಾವಿಯವರಿಗೆ ಮುಂಬಯಿ ಹೈಕೋರ್ಟು, ಮಂಗಳೂರು, ಬಳ್ಳಾರಿಯವರಿಗೆ ಮದ್ರಾಸು. ನಿಜಾಮರ ಆಳ್ವಿಕೆಯ ಕಲಬುರಗಿ, ರಾಯಚೂರು, ಬೀದರಿನ ಕೋರ್ಟುಗಳಲ್ಲಿ ಉರ್ದು ನಡೆಯುತ್ತಿತ್ತು.

ಹೀಗಾಗಿ ಕಾನೂನು ಓದಬೇಕೆಂಬ ಹುಡುಗ ಊರು ಬಿಡಲೇಬೇಕಿತ್ತು. ಆಲೂರು ವೆಂಕಟರಾಯರು ಮುಂಬಯಿಯಲ್ಲಿ ಎಲ್‌ಎಲ್.ಬಿ. ಓದಿ ಧಾರವಾಡದಲ್ಲಿ ವಕೀಲಿ ಆರಂಭಿಸಿದರು, ಮುಂದೆ ಅದನ್ನು ಬಿಟ್ಟು ಕರ್ನಾಟಕದ ಏಕೀಕರಣಕ್ಕೆ ಬದುಕು ಮುಡಿಪಿಟ್ಟರು. ಎಸ್. ನಿಜಲಿಂಗಪ್ಪನವರೂ ಕೆಂಗಲ್ ಹನುಮಂತಯ್ಯನವರೂ ಪುಣೆಯಲ್ಲಿ ಕಾನೂನು ಓದಿ ಬಂದವರು. 1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಲಾ ಕಾಲೇಜು, 1948ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಲಾ ಕಾಲೇಜು ಆರಂಭವಾದ ಮೇಲೆ, ಹೊರನಾಡಿನಲ್ಲಿ ಬಾಡಿಗೆ ಕೋಣೆ ಹಿಡಿದು ಓದಲಾಗದ ಮನೆಗಳ ಮಕ್ಕಳಿಗೂ ಈ ಓದು ಕೈಗೆಟುಕಿತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ಹೈಕೋರ್ಟಿನ ಪೀಠಗಳೂ ಹತ್ತಿರ ಬಂದವು: ಧಾರವಾಡ, ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ. ಬೀದರಿನ ಯುವ ವಕೀಲನೊಬ್ಬ ಒಂದು ಮೇಲ್ಮನವಿಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಬರಬೇಕಾದ ಕಷ್ಟ ತಪ್ಪಿತು.

ಎಲ್ಲರೂ ಅಡ್ವೊಕೇಟರೇ

ಸ್ವಾತಂತ್ರ್ಯಾನಂತರ 1961ರ ವಕೀಲರ ಕಾಯಿದೆ ಹಳೆಯ ದರ್ಜೆಗಳನ್ನು ತೆಗೆದುಹಾಕುವ ದಾರಿ ಮಾಡಿತು. ಅಡ್ವೊಕೇಟ್ ಎಂಬ ಒಂದೇ ವರ್ಗ, ಪ್ರತಿ ರಾಜ್ಯಕ್ಕೊಂದು ವಕೀಲರ ಪರಿಷತ್ತು, ಮೇಲೆ ಭಾರತೀಯ ವಕೀಲರ ಪರಿಷತ್ತು. ಪದವಿಯ ನಂತರದ ಕಾನೂನು ಓದು ಮೂರು ವರ್ಷದ್ದಾಯಿತು. ಕಾಗದದ ಮೇಲೆ ತಾಲ್ಲೂಕಿನ ವಕೀಲನೂ ದೆಹಲಿಯ ವಕೀಲನೂ ಸಮಾನರಾದರು.

ಓದಿನ ಗುಣಮಟ್ಟ ಮಾತ್ರ ಹಾಗೆಯೇ ಉಳಿಯಿತು. ಸಂಜೆ ಕಾಲೇಜು, ನೋಟ್ಸು, ಪರೀಕ್ಷೆ, ಪದವಿ. ಈ ಕೊರತೆಯನ್ನು ಮನಗಂಡ ಭಾರತೀಯ ವಕೀಲರ ಪರಿಷತ್ತು, ಪಿಯುಸಿ ಮುಗಿದೊಡನೆ ಸೇರಬಹುದಾದ ಐದು ವರ್ಷದ ಸಂಯುಕ್ತ ಪದವಿಯ ಯೋಚನೆಯನ್ನು 1980ರ ದಶಕದಲ್ಲಿ ಮುಂದಿಟ್ಟಿತು. ಅದನ್ನು ಮಾದರಿಯಾಗಿ ನಡೆಸಿ ತೋರಿಸಿದ್ದು ನಮ್ಮ ಬೆಂಗಳೂರು. ಕರ್ನಾಟಕ ವಿಧಾನಮಂಡಲದ 1986ರ ಕಾಯಿದೆಯಿಂದ ನ್ಯಾಷನಲ್ ಲಾ ಸ್ಕೂಲ್ ಹುಟ್ಟಿತು. ಎನ್.ಆರ್. ಮಾಧವ ಮೆನನ್ ಅದರ ಸ್ಥಾಪಕ ನಿರ್ದೇಶಕರು. 1988ರಲ್ಲಿ ಮೊದಲ ತಂಡ ಸೇರಿತು. ಹಗಲು ಪೂರ್ತಿ ತರಗತಿ, ತೀರ್ಪುಗಳನ್ನು ಇಟ್ಟುಕೊಂಡು ಚರ್ಚೆ, ಅಣಕು ನ್ಯಾಯಾಲಯ, ಹಳ್ಳಿಗಳಲ್ಲಿ ಕಾನೂನು ನೆರವು. ಈ ಮಾದರಿಯನ್ನು ನೋಡಿ ಇತರ ರಾಜ್ಯಗಳೂ ಇಂಥ ಶಾಲೆಗಳನ್ನು ಕಟ್ಟಿದವು, 2008ರಿಂದ ಅವುಗಳಿಗೆ ಸಿಎಲ್‌ಎಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು.

ಪದವಿಗೂ ಕೋರ್ಟಿಗೂ ನಡುವೆ

ಗಾಂಧಿ ಅನುಭವಿಸಿದ ಆ ದೂರ ಇಷ್ಟರಿಂದ ಅಳಿಯಿತೇ? ಮುಂದಿನ ಘಟನೆಗಳನ್ನು ನೋಡಿ.

1961ರ ಕಾಯಿದೆಯಲ್ಲಿ ಪದವಿಯ ಮೇಲೆ ತರಬೇತಿ ಮತ್ತು ಪರೀಕ್ಷೆಯ ಷರತ್ತಿತ್ತು. 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 1995ರಲ್ಲಿ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ಮತ್ತೆ ತಂದಿತು. ಹಾಗೆ ತರುವ ಅಧಿಕಾರ ಪರಿಷತ್ತಿಗಿಲ್ಲವೆಂದು 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. 2010ರಲ್ಲಿ ಅಖಿಲ ಭಾರತ ವಕೀಲರ ಪರೀಕ್ಷೆಯ ನಿಯಮ ಬಂತು, 2011ರಲ್ಲಿ ಮೊದಲ ಪರೀಕ್ಷೆ ನಡೆಯಿತು. 2023ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಪರೀಕ್ಷೆಯನ್ನು ಎತ್ತಿಹಿಡಿಯಿತು.

ನ್ಯಾಯಾಧೀಶರ ಹುದ್ದೆಯದೂ ಇದೇ ಕಥೆ. ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷ ವಕೀಲಿ ಮಾಡಿರಬೇಕೆಂದು 1993ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕನ್ನಡಿಗರಾದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗ, ಆ ಷರತ್ತಿನಿಂದ ಪ್ರತಿಭಾವಂತರು ಬರುತ್ತಿಲ್ಲವೆಂದು ಅಭಿಪ್ರಾಯಪಟ್ಟಿತು. 2002ರಲ್ಲಿ ಷರತ್ತು ಹೋಯಿತು, ಹೊಸ ಪದವೀಧರರು ನೇರವಾಗಿ ಪೀಠವೇರತೊಡಗಿದರು. 2025ರ ಮೇ 20ರಂದು ಅದೇ ಸುಪ್ರೀಂ ಕೋರ್ಟು ಮೂರು ವರ್ಷದ ಷರತ್ತನ್ನು ಮರಳಿ ತಂದಿತು. ಇದರ ಬಗ್ಗೆ ನಿಮ್ಮ ಕಾಲೇಜಿನಲ್ಲಿ ಚರ್ಚೆ ಏರ್ಪಡಿಸಬಹುದು. ಕೋರ್ಟಿನ ಒಳಹೊರಗು ಕಾಣದವರು ತೀರ್ಪು ಕೊಡುವುದು ಹೇಗೆ ಎನ್ನುವವರ ವಾದದಲ್ಲಿ ಹುರುಳಿದೆ. ಮೂರು ವರ್ಷ ಸಂಪಾದನೆಯಿಲ್ಲದೆ ಕಾಯಲು ಬಡವರ ಮನೆಯ ಹುಡುಗಿಗೆ ಸಾಧ್ಯವೇ ಎನ್ನುವವರ ವಾದದಲ್ಲೂ ಹುರುಳಿದೆ.

ಹಣದ ಬಾಗಿಲೊಂದು ಇತ್ತೀಚೆಗೆ ಸ್ವಲ್ಪ ತೆರೆದಿದೆ. ವಕೀಲರಾಗಿ ನೋಂದಾಯಿಸಲು ಹಲವು ರಾಜ್ಯಗಳಲ್ಲಿ ಹತ್ತಾರು ಸಾವಿರ ರೂಪಾಯಿ ಕಟ್ಟಬೇಕಾಗಿತ್ತು. ಕಾಯಿದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ, ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು.

ನಿಮ್ಮ ಯೋಜನೆ ಹೀಗಿರಲಿ

ಇತಿಹಾಸದಿಂದ ಈಗ ನಿಮ್ಮ ಕಡೆಗೆ ಬರೋಣ. ಒಂದು ಹಾಳೆ ತೆಗೆದುಕೊಂಡು ಮೊದಲು ವರ್ಷಗಳ ಲೆಕ್ಕ ಬರೆಯಿರಿ. ಹದಿನೆಂಟಕ್ಕೆ ಪಿಯುಸಿ ಮುಗಿಯುತ್ತದೆ ಎನ್ನೋಣ. ಐದು ವರ್ಷದ ಪದವಿಯಾದರೆ ಇಪ್ಪತ್ಮೂರಕ್ಕೆ, ಬೇರೆ ಪದವಿ ಮಾಡಿ ಮೂರು ವರ್ಷದ ಎಲ್‌ಎಲ್.ಬಿ. ಓದಿದರೆ ಇಪ್ಪತ್ನಾಲ್ಕಕ್ಕೆ ಓದು ಮುಗಿಯುತ್ತದೆ. ವ್ಯತ್ಯಾಸ ಒಂದು ವರ್ಷ ಮಾತ್ರ. ಹದಿನೆಂಟಕ್ಕೇ ಮನಸ್ಸು ಗಟ್ಟಿಯಾಗಿದ್ದರೆ ಐದು ವರ್ಷದ್ದು ಸರಿ. ಇನ್ನೂ ಹೊಯ್ದಾಟವಿದ್ದರೆ ಮೊದಲು ಇಷ್ಟದ ವಿಷಯದಲ್ಲಿ ಪದವಿ ಮಾಡಿ ಬರುವುದರಲ್ಲಿ ನಷ್ಟವಿಲ್ಲ. ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರಿಗೂ ಪ್ರವೇಶವುಂಟು. ಅಂಚೆಯ ಮೂಲಕ ಲಾ ಪದವಿ ಕೊಡಿಸುತ್ತೇವೆ ಎನ್ನುವವರಿದ್ದರೆ ನಂಬಬೇಡಿ. ತರಗತಿಗೆ ಹಾಜರಾಗದೆ ಪಡೆದ ಪದವಿಯಿಂದ ವಕೀಲರಾಗಲು ಬರುವುದಿಲ್ಲ. ಸೇರುವ ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ.

ಎರಡನೆಯದು, ಪದವಿಯ ಮುಂದಿನ ಮೂರು ವರ್ಷ. ಹಾಳೆಯಲ್ಲಿ ಇದಕ್ಕೆ ಬೇರೆ ಸಾಲು ಇರಲಿ. ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊಂದಿಸುತ್ತ, ಮುಂದಿನ ವಾಯಿದೆ ಬರೆದುಕೊಳ್ಳುತ್ತ, ನಕಲು ಅರ್ಜಿ ಹಾಕುತ್ತ ಕಳೆಯುವ ಈ ವರ್ಷಗಳಲ್ಲಿ ಕೈಗೆ ಬರುವ ಹಣ ತೀರ ಕಡಿಮೆ. ಮನೆಯಲ್ಲಿ ವಕೀಲರಿದ್ದವರಿಗೆ ಕಚೇರಿ, ಪುಸ್ತಕ, ಕಕ್ಷಿದಾರರು ಸಿದ್ಧವಾಗಿರುತ್ತಾರೆ. ಇಲ್ಲದವರು ಈ ಕಾಲವನ್ನು ಹೇಗೆ ನಿಭಾಯಿಸುತ್ತೇವೆಂದು ಅಪ್ಪ ಅಮ್ಮನ ಜೊತೆ ಈಗಲೇ ಕುಳಿತು ಮಾತನಾಡಬೇಕು. ಪರಿಶಿಷ್ಟ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿ ಭತ್ಯೆಯ ಸರ್ಕಾರಿ ಯೋಜನೆಗಳಿವೆ, ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ನಿಯಮ ನೆನಪಿರಲಿ: ಪೂರ್ಣಾವಧಿ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿ ನಡೆಸುವಂತಿಲ್ಲ.

ಮೂರನೆಯದು, ಓದುವಾಗಲೇ ಕೋರ್ಟನ್ನು ನೋಡುವುದು. ಮೂರು ವರ್ಷದ ಕೋರ್ಸಿನಲ್ಲಿ ಒಟ್ಟು ಹನ್ನೆರಡು ವಾರ, ಐದು ವರ್ಷದ್ದರಲ್ಲಿ ಇಪ್ಪತ್ತು ವಾರ ವಕೀಲರು, ನ್ಯಾಯಾಲಯ ಅಥವಾ ಸೇವಾಸಂಸ್ಥೆಗಳ ಬಳಿ ಕೆಲಸ ಕಲಿಯಬೇಕೆಂಬ ನಿಯಮವಿದೆ. ಅನೇಕರು ಒಂದು ಪ್ರಮಾಣಪತ್ರ ತಂದು ಇದನ್ನು ಮುಗಿಸಿಬಿಡುತ್ತಾರೆ. ಹಾಗೆ ಮಾಡಿದವರು ಇನ್ನರ್ ಟೆಂಪಲ್ಲಿನಲ್ಲಿ ಊಟವಷ್ಟೇ ಮಾಡಿ ಬಂದವರ ಸಾಲಿಗೆ ಸೇರುತ್ತಾರೆ. ನಿಮ್ಮ ಊರಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು, ಒಬ್ಬ ಸಾಕ್ಷಿಯ ವಿಚಾರಣೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿ. ಪಹಣಿ, ಕ್ರಯಪತ್ರ, ವಿಭಾಗಪತ್ರ ಓದುವುದನ್ನು ಕಲಿಯಿರಿ. ತಾಲ್ಲೂಕಿನ ದಾವೆಗಳಲ್ಲಿ ಹೆಚ್ಚಿನವು ಜಮೀನಿನವೇ.

ನಾಲ್ಕನೆಯದು, ಕಾನೂನನ್ನು ಕಲಂಗಳ ಪಟ್ಟಿಯಾಗಿ ಉರುಹೊಡೆಯಬೇಡಿ. 1860ರ ಭಾರತೀಯ ದಂಡ ಸಂಹಿತೆಯ ಕಲಂಗಳನ್ನು ತಲೆಮಾರುಗಳು ಬಾಯಿಪಾಠ ಮಾಡಿದ್ದವು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು ಸಂಖ್ಯೆಗಳೆಲ್ಲ ಬದಲಾದವು. ಕೊಲೆ ಎಂದರೇನು, ಉದ್ದೇಶವನ್ನು ಹೇಗೆ ಸಾಬೀತು ಮಾಡಬೇಕು ಎಂಬ ತತ್ವ ತಿಳಿದವರಿಗೆ ತೊಂದರೆಯಾಗಲಿಲ್ಲ. ಸಂಖ್ಯೆಯನ್ನಷ್ಟೇ ನಂಬಿದವರು ಮತ್ತೆ ಒಂದನೆಯ ಪುಟಕ್ಕೆ ಹೋಗಬೇಕಾಯಿತು. ವಕೀಲರ ಅಖಿಲ ಭಾರತ ಪರೀಕ್ಷೆಗೆ ಟಿಪ್ಪಣಿಯಿಲ್ಲದ ಮೂಲ ಕಾಯಿದೆಯ ಪುಸ್ತಕ ಒಯ್ಯಲು ಅವಕಾಶವಿರುವುದೂ ಇದೇ ಕಾರಣಕ್ಕೆ.

ಭಾಷೆಯ ಬಗ್ಗೆಯೂ ಒಂದು ಮಾತು. ಕನ್ನಡ ಮಾಧ್ಯಮದವರು ಹಿಂಜರಿಯಬೇಕಾಗಿಲ್ಲ. ಕೆಳ ಹಂತದ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ರಾಜ್ಯದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಯಲ್ಲಿ ಕನ್ನಡ, ಇಂಗ್ಲಿಷುಗಳ ನಡುವೆ ಭಾಷಾಂತರ ಮಾಡುವ ಪತ್ರಿಕೆಯೇ ಇದೆ. ಆದರೆ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ಆದ್ದರಿಂದ ಕನ್ನಡವನ್ನು ಗಟ್ಟಿಮಾಡಿಕೊಂಡು, ಐದು ವರ್ಷದಲ್ಲಿ ದಿನಕ್ಕೆ ಅರ್ಧ ಗಂಟೆ ತೀರ್ಪುಗಳನ್ನು ಓದುತ್ತ ಇಂಗ್ಲಿಷನ್ನೂ ಒಲಿಸಿಕೊಳ್ಳಿ. ಎರಡರಲ್ಲೂ ತೊಡಕಿಲ್ಲದೆ ಬರೆಯಬಲ್ಲ ವಕೀಲರಿಗೆ ಬೇಡಿಕೆ ಯಾವಾಗಲೂ ಇದೆ.

ಕೋರ್ಟಿನಲ್ಲಿ ವಾದಿಸುವುದೊಂದೇ ದಾರಿಯಲ್ಲ. ಸರ್ಕಾರಿ ಅಭಿಯೋಜಕರ ಹುದ್ದೆ, ಬ್ಯಾಂಕು ಮತ್ತು ಕಂಪನಿಗಳ ಕಾನೂನು ವಿಭಾಗ, ಅಧ್ಯಾಪನ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿನ ಕೆಲಸ ಇವೆಲ್ಲ ಇವೆ. ವಿಜ್ಞಾನದವರಿಗೆ ವಿಶೇಷವಾಗಿ ಪೇಟೆಂಟ್ ಕ್ಷೇತ್ರವಿದೆ. ಪೇಟೆಂಟ್ ಏಜೆಂಟರ ಪರೀಕ್ಷೆಗೆ ಕೂರಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು, ಲಾ ಪದವಿ ಕಡ್ಡಾಯವಲ್ಲ. ಎರಡೂ ಇದ್ದವರು ಹೊಸ ಔಷಧವೊಂದರ ರಚನೆಯನ್ನೂ ಅರ್ಥಮಾಡಿಕೊಂಡು, ಅದರ ಹಕ್ಕಿಗಾಗಿ ಕೋರ್ಟಿನಲ್ಲೂ ನಿಲ್ಲಬಲ್ಲರು.

ಕೊನೆಯದಾಗಿ, "ನಮ್ಮ ಮನೆಯಲ್ಲಿ ಯಾರೂ ವಕೀಲರಿಲ್ಲ" ಎಂದು ಬರೆದ ಮಿತ್ರರಿಗೆ. 1774ರಲ್ಲಿ ಆ ಬಾಗಿಲಲ್ಲಿ ನಮ್ಮ ದೇಶದವರೇ ನಿಲ್ಲುವಂತಿರಲಿಲ್ಲ. 1916ರಲ್ಲಿ ಹೆಂಗಸನ್ನು "ವ್ಯಕ್ತಿ" ಎಂದು ಒಪ್ಪಲಿಲ್ಲ. ಈಗ ನಿಮ್ಮನ್ನು ತಡೆಯುವ ಕಾಯಿದೆ ಯಾವುದೂ ಇಲ್ಲ. ಉಳಿದಿರುವುದು ಆಮೇಲಿನ ಮೂರು ನಾಲ್ಕು ವರ್ಷಗಳ ನಡಿಗೆ. ಅದಕ್ಕೆ ಬುತ್ತಿ ಕಟ್ಟಿಕೊಂಡು ಹೊರಡಿ. ಈ ಶನಿವಾರ ಬಿಡುವಿದ್ದರೆ ನಿಮ್ಮ ತಾಲ್ಲೂಕಿನ ವಕೀಲರ ಸಂಘಕ್ಕೆ ಹೋಗಿ, ಮನೆತನದಲ್ಲಿ ಮೊದಲನೆಯವರಾಗಿ ಈ ವೃತ್ತಿಗೆ ಬಂದ ಒಬ್ಬರನ್ನು ಹುಡುಕಿ, ಮೊದಲ ಮೂರು ವರ್ಷ ಹೇಗೆ ಕಳೆದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ.